ಐದನೇ ಕಿವಿಗಲ್ಲು

ನರಸಕ್ಕನ ಮೇಲೆ ನಮ್ಮ ಬಡಾವಣೆಯವರು ಕೊಟ್ಟ ದೂರಿನಲ್ಲಿ ಮೂರನೇ ಸಹಿ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅವಳನ್ನು ಬಾಯಿತುಂಬ ಹೊಗಳುವಾಗ, ಇವಳೆಂಥ ದೊಡ್ಡ ಮನಸ್ಸಿನವಳು ಎಂದು ನೀವು ನನ್ನ ಬಗ್ಗೆ ತಪ್ಪು ತಿಳಿಯಬಾರದು.

ತುಮಕೂರಿನ ನಮ್ಮ ಮನೆಯ ಹಿತ್ತಲಿಗೆ ಅಂಟಿಕೊಂಡೇ ಒಂದು ಹಳ್ಳ ಹರಿಯುತ್ತದೆ. ನಾನು ಸೊಸೆಯಾಗಿ ಬಂದಾಗ ಅದನ್ನು ಎಲ್ಲರೂ ಕಪ್ಪುಮೋರಿ ಎನ್ನುತ್ತಿದ್ದರು. ನೀರು ಕಪ್ಪಗಿತ್ತು, ಮೋರಿಯ ಹಾಗೇ ನಾರುತ್ತಿತ್ತು, ಹೆಸರಿನಲ್ಲಿ ದೋಷವೇನೂ ಇರಲಿಲ್ಲ. ವಾಸನೆ ತಡೆಯಲಾರದೆ ಹಿತ್ತಲ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು.

ಆರು ವರ್ಷದ ಹಿಂದೆ ನನ್ನ ಮಾವ ಪಂಚಾಕ್ಷರಯ್ಯನವರಿಗೆ ಹಳೆಯ ಸರ್ವೆ ನಕ್ಷೆಯೊಂದು ಸಿಕ್ಕಿತು. ಅದರಲ್ಲಿ ಹಳ್ಳದ ಹೆಸರು ‘ಕಪ್ಪೆಹಳ್ಳ’ ಎಂದಿತ್ತು. ಕಪ್ಪೆ ಸತ್ತು ಕಪ್ಪು ಉಳಿದಿತ್ತು, ಹಳ್ಳ ಹೋಗಿ ಮೋರಿ ಬಂದಿತ್ತು. ಮಾವ ಆ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ಕೂತಿದ್ದರು. ಅವರು ಹೆಲ್ತ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. "ಸರ್ವೀಸಲ್ಲಿದ್ದಾಗ ಎಷ್ಟು ಕಕ್ಕಸಿನ ಪೈಪು ಇದಕ್ಕೆ ತಿರುಗಿಸೋಕೆ ಸಹಿ ಹಾಕಿದೀನೋ ಲೆಕ್ಕ ಇಲ್ಲ ಕಣಮ್ಮ ಸಹನಾ. ಸಾಯೋದ್ರೊಳಗೆ ಇದನ್ನ ಸರಿ ಮಾಡ್ಬೇಕು," ಎಂದರು.

ಮಾಡಿದರು. ಪ್ರತಿ ಭಾನುವಾರ ಬೆಳಿಗ್ಗೆ ಬಾಗಿಲು ಬಾಗಿಲು ತಟ್ಟಿ ಜನರನ್ನು ಎಬ್ಬಿಸಿದರು. ಮೊದಲ ವಾರ ನಾಲ್ಕು ಜನ ಬಂದರು, ಅದರಲ್ಲಿ ಇಬ್ಬರು ನೋಡಲಿಕ್ಕೆ ಬಂದವರು. ಎರಡನೇ ವರ್ಷದ ಹೊತ್ತಿಗೆ ಬೀದಿಗೆ ಬೀದಿಯೇ ಇಳಿಯುತ್ತಿತ್ತು. ಟೈರು, ಹಾಸಿಗೆ, ಹಳೇ ಟೀವಿ, ಒಮ್ಮೆ ಇಡೀ ಒಂದು ಸ್ಕೂಟರನ್ನೇ ಮೇಲೆತ್ತಿದರು. ಮಾವ ಒಂದೊಂದೇ ಮನೆಯವರನ್ನು ಕಾಡಿ, ಬೇಡಿ, ಹೆದರಿಸಿ, ನಲವತ್ತೊಂದು ಕೊಳಚೆ ಪೈಪುಗಳನ್ನು ಒಳಚರಂಡಿಗೆ ತಿರುಗಿಸಿದರು. ದಡ ಕುಸಿಯದ ಹಾಗೆ ಕಲ್ಲಿನ ಗೋಡೆ ಕಟ್ಟಿಸಿದರು. ಜೊಂಡು ನೆಟ್ಟರು. ಮೂರನೇ ಮಳೆಗಾಲದಲ್ಲಿ ಒಂದು ಸಂಜೆ ಕಪ್ಪೆಗಳು ಕೂಗಿದವು. ಬೀದಿಯವರೆಲ್ಲ ಸೇತುವೆಯ ಮೇಲೆ ನಿಂತು ಕೇಳಿದರು. ಮಾವನೂ ನಿಂತಿದ್ದರು, ಆದರೆ ಅವರಿಗೆ ಕೇಳಲಿಲ್ಲ. ಅಷ್ಟರಲ್ಲಿ ಅವರ ಕಿವಿ ಹೋಗಿತ್ತು. ಕಿವಿಗೆ ಹಾಕಿಕೊಳ್ಳುವ ಮಿಷನ್ನು ಮನುಷ್ಯರ ಮಾತಿಗೆ ಹೊಂದಿಸಿದ್ದು. ಮಾತಲ್ಲದ್ದನ್ನೆಲ್ಲ ಅದು ಗಲಾಟೆ ಎಂದು ತಿಳಿದು ಅಡಗಿಸಿಬಿಡುತ್ತದೆ. ಅಂದಿನಿಂದ ಪ್ರತಿ ಮಳೆಗೂ ಅವರು ನನ್ನನ್ನು ಕೇಳುತ್ತಾರೆ, "ಕೂಗ್ತಾ ಇದಾವೇನಮ್ಮ?" ನಾನು ತಲೆಯಾಡಿಸುತ್ತೇನೆ. ಅವರಿಗೆ ಅಷ್ಟು ಸಾಕು.

ಇನ್ನು ಕಿವಿಗಲ್ಲಿನ ವಿಷಯ. ಊರೂರುಗಳು ಮಳೆನೀರಿನಲ್ಲಿ ಮುಳುಗಿದ ಮೇಲೆ ಜೀವಜಲ ಕಾಯಿದೆ ಬಂದದ್ದು ನಿಮಗೆ ನೆನಪಿರಬಹುದು. ಜೀವ ಇರುವ ಹಳ್ಳಗಳನ್ನು ಯಾರೂ ಮುಟ್ಟುವಂತಿಲ್ಲ. ಸತ್ತ ಹಳ್ಳಗಳು ಮೋರಿ ಎನಿಸಿಕೊಂಡು ಕಾಂಕ್ರೀಟಿನ ಪೆಟ್ಟಿಗೆಯೊಳಗೆ ಹೋಗಬೇಕು, ಮೇಲೆ ರಸ್ತೆ ಬರಬೇಕು. ಜೀವ ಇದೆಯೋ ಇಲ್ಲವೋ ಎಂದು ಹೇಳುವವರು ಯಾರು? ಅದಕ್ಕೆ ಕಿವಿಗಲ್ಲು. ನೋಡಲಿಕ್ಕೆ ಒರಳಿನ ಗುಂಡುಕಲ್ಲಿನ ಹಾಗೆ, ಸುಟ್ಟ ಮಣ್ಣಿನದು, ಒಳಗೆ ಟೊಳ್ಳು. ನೀರಿನ ತಳದಲ್ಲಿ ಕೂತು ಅದು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ನೀರೊಳಗೆ ಎಷ್ಟು ಸದ್ದಿದೆ ಎಂದು ನಮಗೆ ಗೊತ್ತಿಲ್ಲ. ಬಿಸಿಲು ಬಿದ್ದಾಗ ನೀರುಗಿಡದ ಎಲೆಯಿಂದ ಹೊರಡುವ ಗುಳ್ಳೆ ಟಿಕ್ ಟಿಕ್ ಎನ್ನುತ್ತದೆ. ಬಸವನಹುಳು ಪಾಚಿ ಕೆರೆಯುತ್ತದೆ. ಒಂದು ಜಾತಿಯ ನೀರುಹುಳು ತನ್ನ ಗಾತ್ರಕ್ಕೆ ಮೀರಿ ಕಿರುಚುತ್ತದೆ. ಕೆಮಿಕಲ್ ಪರೀಕ್ಷೆಗೆ ಮೋಸ ಮಾಡಬಹುದು, ಒಂದು ಟ್ಯಾಂಕರ್ ಒಳ್ಳೆಯ ನೀರು ಬಿಟ್ಟರಾಯಿತು. ಹುಳುಗಳನ್ನು ಒಂದು ದಿನಕ್ಕೆ ಬಾಡಿಗೆಗೆ ತರಲಾಗುವುದಿಲ್ಲ.

ನಿಯಮ ಸರಳ. ಒಂದು ಹಳ್ಳಕ್ಕೆ ಐದು ಕಲ್ಲು. ಐದರಲ್ಲಿ ಒಂದಕ್ಕಾದರೂ ದಿನಕ್ಕೆ ಏಳು ಬಗೆಯ ದನಿ ಕೇಳಬೇಕು. ಹೀಗೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಒಂದು ದಿನವೂ ತಪ್ಪದೆ. ನಡುವೆ ತಪ್ಪಿದರೆ ಮತ್ತೊಂದು ಅವಕಾಶವಿಲ್ಲ.

ನಾನು ಕೆಲಸ ಮಾಡುವುದು ಊರಿನ ಎಲ್ಲ ಕಿವಿಗಲ್ಲುಗಳು ಕೇಳಿದ ಸದ್ದು ಬಂದು ಸೇರುವ ಜಲಶ್ರವಣ ಕೇಂದ್ರದಲ್ಲಿ. ತೀರ್ಪು ಕೊಡುವವರು ನಮ್ಮ ಮುಖ್ಯಸ್ಥೆ ನಸ್ರೀನ್ ಮೇಡಂ. ಕಲ್ಲುಗಳ ದುರಸ್ತಿ ಮಾತ್ರ ನನ್ನದು. ನಮ್ಮದೇ ಹಳ್ಳದ ಪರೀಕ್ಷೆ ಶುರುವಾದಾಗ ಮೇಡಂ ಒಂದೇ ಮಾತು ಹೇಳಿದ್ದರು: "ಸಹನಾ, ನಿಮ್ಮ ಹಳ್ಳದ ಎಣಿಕೆ ನೀವು ನೋಡಬಹುದು, ಮುಟ್ಟಬಾರದು."

ನೋಡಿದೆ. ದಿನಾ ಎಂಟು ದನಿ, ಒಂಬತ್ತು ದನಿ. ಮೊದಲನೇ ವಾರದಲ್ಲೇ ಐದನೇ ಕಲ್ಲು ತನ್ನ ಜಾಗ ಬಿಟ್ಟು ಹನ್ನೆರಡು ಅಡಿ ಆಚೆ ಇದ್ದೇನೆ ಎಂದು ಹೇಳತೊಡಗಿತು. ಆಚೆ ಎಂದರೆ ನೆಲದ ಮೇಲೆ. ನೆಲದ ಮೇಲೆ ನೀರಿನ ಸದ್ದು ಎಲ್ಲಿಂದ ಬರಬೇಕು? ಕೆಟ್ಟಿದೆ ಎಂದು ಗುರುತು ಹಾಕಿ ಮರೆತೆ. ಹೋಗಿ ನೋಡಬೇಕಾದದ್ದು ನನ್ನ ಕೆಲಸವೇ ಆಗಿತ್ತು. ಹೆಸರಿನಲ್ಲಿ ಸಹನೆ ಇದ್ದರೆ ಕೆಲಸದಲ್ಲಿ ಇರಬೇಕೆಂದೇನೂ ಇಲ್ಲವಲ್ಲ.

ನಲವತ್ತೇಳು ದಿನ ಸುಸೂತ್ರವಾಗಿ ಕಳೆಯಿತು. ನಲವತ್ತೆಂಟನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ. ಒಂದನೇ ಕಲ್ಲಿನಲ್ಲಿ ನೀರು ಹರಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎರಡನೆಯದೂ ಹಾಗೇ. ಮೂರು, ನಾಲ್ಕು, ಎಲ್ಲ ಹಾಗೇ. ನಿನ್ನೆ ಮಧ್ಯಾಹ್ನ ಮೂರರವರೆಗೆ ಸಂತೆಯಾಗಿದ್ದ ಹಳ್ಳ ಈಗ ಗಪ್‌ಚಿಪ್. ಒಂದೇ ಹಳ್ಳದ ಎಲ್ಲ ಜೀವಗಳೂ ಒಟ್ಟಿಗೆ ಬಾಯಿ ಮುಚ್ಚಬೇಕಾದರೆ ಏನಾಗಿರಬೇಕು?

ನಿಜ ಹೇಳುತ್ತೇನೆ, ಆ ಗಳಿಗೆ ಒಂದು ಕೆಟ್ಟ ಯೋಚನೆ ಬಂತು. ನಿನ್ನೆಯ ದನಿಗಳು ಕಡತದಲ್ಲಿದ್ದವು. ಎತ್ತಿ ಇವತ್ತಿನ ಜಾಗಕ್ಕೆ ಅಂಟಿಸಲು ಅರ್ಧ ನಿಮಿಷ ಸಾಕು. ಕೈ ಮುಂದೆ ಹೋಗಿದ್ದೂ ಹೌದು. ಆಗ ಮಾವನ ನೆನಪಾಯಿತು. ಸುಳ್ಳು ಕಪ್ಪೆಗಳನ್ನು ಕೂಗಿಸಿ ಆ ಮನುಷ್ಯನ ಮುಂದೆ ತಲೆಯಾಡಿಸಲು ನನ್ನಿಂದಾಗದು ಎನ್ನಿಸಿತು. ಎದ್ದು ನೇರ ಮನೆಗೆ ಹೋದೆ.

ಬೀದಿಯ ತಿರುವಿನಲ್ಲೇ ಮೂಗಿಗೆ ಘಾಟು ಬಡಿಯಿತು. ನಿನ್ನೆ ರಾತ್ರಿಯೂ ಇವತ್ತು ಬೆಳಿಗ್ಗೆಯೂ ಬಡಿದಿತ್ತು, ಯಾರೋ ತೊಟ್ಟಿ ತೊಳೆದಿರಬೇಕೆಂದು ಹಳ್ಳದ ಕಡೆ ತಿರುಗಿಯೂ ನೋಡಿರಲಿಲ್ಲ. ಹಳ್ಳದ ಎರಡೂ ದಡಕ್ಕೆ, ಸೇತುವೆಯಿಂದ ಹಿಡಿದು ಕಣ್ಣಿಗೆ ಕಾಣುವಷ್ಟು ದೂರಕ್ಕೆ, ರಂಗೋಲಿ ಎಳೆದ ಹಾಗೆ ಬಿಳಿ ಗೆರೆ. ಬ್ಲೀಚಿಂಗ್ ಪೌಡರ್! ನೀರಿಗೂ ಚೆನ್ನಾಗಿಯೇ ಸುರಿದಿದ್ದರು. ನಮ್ಮ ಊರುಗಳಲ್ಲಿ ಮಂತ್ರಿಗಳು ಬರುತ್ತಾರೆಂದರೆ ಮೋರಿಯ ಅಂಚಿಗೆ ಈ ಗೆರೆ ಎಳೆಯುವುದು ನೀವೂ ನೋಡಿದ್ದೀರಿ. ಮೂವತ್ತು ವರ್ಷ ಆ ಗೆರೆಯನ್ನು ಎಳೆಸಿದ ನನ್ನ ಮಾವ, ಒಗೆದ ಬಿಳಿ ಪಂಚೆ ಉಟ್ಟು ಗೇಟಿನಲ್ಲೇ ನಿಂತಿದ್ದರು. ಕೊನೆಯ ದಿನವೆಂದು ಮಧ್ಯಾಹ್ನ ಅಧಿಕಾರಿಗಳು ಬಂದು ಹಳ್ಳವನ್ನು ಕಣ್ಣಾರೆ ನೋಡುವ ಕಾರ್ಯಕ್ರಮವಿತ್ತು.

"ಹೆಂಗಿದೆ ನೋಡಮ್ಮ! ನಿನ್ನೆ ನೀನು ಆಫೀಸಿಂದ ಬರೋದ್ರೊಳಗೆ ಇಪ್ಪತ್ತು ಜನ ಸೇರಿ ಮುಗಿಸಿಬಿಟ್ವಿ. ಹೇಳೋಣ ಅಂದ್ರೆ ನೀನು ಬಂದೋಳೇ ತಲೆನೋವು ಅಂತ ಮಲ್ಕೊಂಡೆ," ಎಂದರು. ಮುಖದಲ್ಲಿ ಮದುವೆ ಮನೆಯ ಸಂಭ್ರಮ.

"ಮಾವ, ಯಾಕೆ ಹಾಕಿಸಿದ್ರಿ ಇದನ್ನ?"

"ನೀನೇ ಹೇಳಿದ್ಯಲ್ಲಮ್ಮ, ಕಲ್ಲಿಗೆ ಬೇಕಾಗಿರೋದು ಶುದ್ಧ, ಶುದ್ಧ ಇದ್ರೆ ಸಾಕು, ಪಾಸು ಅಂತ."

ನನಗೆ ನೆನಪಾಯಿತು. ಪರೀಕ್ಷೆ ಶುರುವಾದ ದಿನ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಕಲ್ಲು ಏನು ನೋಡುತ್ತದೆ ಎಂದು ಮಾವ ಬಾಗಿಲಲ್ಲಿ ನಿಂತು ಕೇಳಿದ್ದರು. "ಸದ್ದು ಮಾವ, ಸದ್ದು ಇದ್ರೆ ಸಾಕು," ಎಂದು ಬೆನ್ನು ತಿರುಗಿಸಿಕೊಂಡೇ ಕೂಗಿದ್ದೆ. ಕಿವುಡರಿಗೆ ಮುಖ ತೋರಿಸಿ ಮಾತಾಡಬೇಕು, ತುಟಿ ಕಂಡರೆ ಅರ್ಧ ಅರ್ಥವಾಗುತ್ತದೆ. ಅದು ನನಗೆ ಗೊತ್ತಿತ್ತು. ಚಟ್ನಿ ನುಣ್ಣಗಾಗಬೇಕಿತ್ತು, ಆದ್ದರಿಂದ ತಿರುಗಲಿಲ್ಲ.

"ಶುದ್ಧ ಅಲ್ಲ ಮಾವ," ಎಂದೆ ಅವರ ಮುಖಕ್ಕೆ ಮುಖ ಕೊಟ್ಟು. "ಸದ್ದು. ಹುಳದ ಸದ್ದು, ಕಪ್ಪೆ ಸದ್ದು. ಈ ಪುಡಿಗೆ ಎಲ್ಲ ಸುಮ್ಮನಾಗಿಬಿಟ್ಟಿದಾವೆ."

ಅವರು ಬಿಳಿ ಗೆರೆಯನ್ನು ನೋಡಿದರು, ನನ್ನನ್ನು ನೋಡಿದರು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಮೆಲ್ಲಗೆ ಕೂತರು. "ಮತ್ತೆ ನಾನೇ ಹಾಳು ಮಾಡಿದ್ನಾ?" ಎಂದರು. ಆ ‘ಮತ್ತೆ’ಯೊಳಗೆ ಹಳೆಯ ಪೈಪುಗಳ ಸಹಿಯೂ ಇತ್ತು. ತಪ್ಪು ನನ್ನದು ಮಾವ ಎಂದೆ. ಅವರಿಗೆ ಅದು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಅಲ್ಲೇ ನಿಂತು ಜೇಬಿನಿಂದ ಫೋನು ತೆಗೆದು ಐದನೇ ಕಲ್ಲಿನ ಕಡತ ಬಿಚ್ಚಿದೆ. ಮುಳುಗುವವರು ಹುಲ್ಲುಕಡ್ಡಿಯನ್ನೂ ಬಿಡುವುದಿಲ್ಲ ನೋಡಿ. ಕೆಟ್ಟಿದೆ ಎಂದು ನಾನೇ ಮೂಲೆಗೆ ಸರಿಸಿದ್ದ ಆ ಕಲ್ಲಿನೊಳಗೆ ಗಲಾಟೆಯೋ ಗಲಾಟೆ. ಟಿಕ್ ಟಿಕ್, ಕರ ಕರ, ಕಿರ್ರ್. ಯಂತ್ರ ಎಣಿಸಿ ಹೇಳಿತು: ಹನ್ನೊಂದು ದನಿ. ಇವತ್ತಿನವು. ಈಗಿನವು.

ಕಲ್ಲಿನ ಜಾಡು ಹಿಡಿದು ಹೊರಟೆ. ಅದು ನನ್ನನ್ನು ಕರೆದುಕೊಂಡು ಹೋದದ್ದು ದಡಕ್ಕೆ ನಾವು ಕಟ್ಟಿಸಿದ ಕಲ್ಲಿನ ಗೋಡೆಯಾಚೆಗೆ, ನರಸಕ್ಕನ ಸೊಪ್ಪಿನ ಮಡಿಗಳ ನಡುವಿಗೆ. ನರಸಕ್ಕ ಎಂದರೆ ನಮ್ಮ ಬೀದಿಗಳಿಗೆ ದಂಟು, ಹೊನಗೊನ್ನೆ ಮಾರಿಕೊಂಡು ಬರುವವಳು. ಎಪ್ಪತ್ತರ ಹತ್ತಿರದ, ಸಣಕಲು ಹೆಂಗಸು. ಭಾನುವಾರದ ಕೆಲಸಕ್ಕೆ ಒಂದು ದಿನವೂ ಬಂದವಳಲ್ಲ. ನಮ್ಮ ಗೋಡೆಯ ಬುಡದಲ್ಲಿ ಒಂದು ತೂತಿತ್ತು, ಅದರಿಂದ ಸದಾ ನೀರು ಜಿನುಗುತ್ತಿತ್ತು. ಅವಳ ಗುಡಿಸಲ ಬಚ್ಚಲ ನೀರು ಅದು, ಹಳ್ಳ ಕೆಡಿಸುತ್ತಿದ್ದಾಳೆ, ತೂತು ಮುಚ್ಚಿಸಿ ಅವಳನ್ನು ಎಬ್ಬಿಸಬೇಕು ಎಂಬುದೇ ನಮ್ಮ ದೂರು. ದೂರು ಕಚೇರಿಯ ಯಾವುದೋ ಮೇಜಿನ ಮೇಲೆ ಐದು ತಿಂಗಳಿಂದ ಮಲಗಿತ್ತು. ಆ ನಿದ್ದೆಗೂ ನಾನಿವತ್ತು ಕೃತಜ್ಞಳು.

"ಯಾರವ್ವ? ಇನ್‌ಸ್ಪೆಟ್ರು ಸೊಸೆ ಅಲ್ವಾ ನೀನು? ಅರ್ಜಿ ಕೊಟ್ಟಿದ್ದಾಯ್ತು, ಈಗ ಎಬ್ಸಕ್ಕೇ ಬಂದ್ಯಾ?" ಎಂದಳು ನರಸಕ್ಕ. ಕೈಯಲ್ಲಿ ಕುಡುಗೋಲಿತ್ತು.

"ಇಲ್ಲ ನರಸಕ್ಕ, ಒಂದು ಕಲ್ಲು ಹುಡುಕ್ತಾ ಇದೀನಿ. ಗುಂಡಗೆ, ಇಷ್ಟು ದಪ್ಪ."

"ಹಳ್ದಾಗೆ ಸಿಕ್ತು, ತಂದ್ಕಂಡೆ. ನನ್ ಕಲ್ಲು ಈಗ ಅದು. ಕೊಡಾಕಿಲ್ಲ."

ಮಡಿಗಳ ನಡುವೆ ಕಲ್ಲು ಕಟ್ಟಿದ ಒಂದು ಗುಂಡಿ. ಮಂಚದಷ್ಟು ಅಗಲವೂ ಇಲ್ಲ. ನೀರು ತಿಳಿಯಾಗಿ ತಳದ ಮರಳು ಕಾಣುತ್ತಿತ್ತು, ಮರಳು ಒಂದು ಕಡೆ ಸಣ್ಣಗೆ ಕುದಿಯುವ ಹಾಗೆ ಮೇಲೇಳುತ್ತಿತ್ತು. ಅಂಚಿನಲ್ಲಿ ಗೊದಮೊಟ್ಟೆಗಳು ಕಪ್ಪಗೆ ಮುತ್ತಿಕೊಂಡಿದ್ದವು. ಕಿತ್ತ ಸೊಪ್ಪು ಬಾಡದಿರಲೆಂದು ಗೋಣಿಚೀಲದಲ್ಲಿ ಸುತ್ತಿ ನೀರಿನಲ್ಲಿ ಮುಳುಗಿಸಿದ್ದಳು. ಚೀಲ ತೇಲದ ಹಾಗೆ ಅದರ ಮೇಲೆ ಕೂತಿತ್ತು, ಸರ್ಕಾರದ ಐದನೇ ಕಿವಿಗಲ್ಲು.

"ಇದೇನು ಗುಂಡಿ ನರಸಕ್ಕ?"

"ಗುಂಡಿ ಅಲ್ಲ ಕಣವ್ವ, ತಲಪರ್ಗೆ. ನಮ್ಮವ್ವನ ಕಾಲ್ದಿಂದ ಬತ್ತಿಲ್ಲ. ನೆನ್ನೆ ಬಂದಿದ್ರು ಮೂರ್ ಜನ, ಬಿಳೀ ಪುಡಿ ಎತ್ಕಂಡು, ಇದಕ್ಕೂ ಹಾಕ್ತೀವಿ ಅಂತ. ಕುಡ್ಗೋಲು ತೋರಿಸ್ದೆ, ಓಡೋದ್ರು."

ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ತಲಪರಿಗೆ! ನೆಲದೊಳಗಿನ ಒರತೆ ಮೇಲೆ ಬರುವ ಕಡೆ ಹಳಬರು ಕಲ್ಲು ಕಟ್ಟಿ ಕಾಯ್ದುಕೊಂಡ ನೀರು. ನಮ್ಮ ಸೀಮೆಯ ಹಳ್ಳಗಳೆಲ್ಲ ಒಂದು ಕಾಲದಲ್ಲಿ ಹುಟ್ಟುತ್ತಿದ್ದದ್ದು ಇಂಥವುಗಳಿಂದಲೇ. ಜೀವಜಲ ಕಾಯಿದೆಯ ಮೂರನೇ ಪುಟ ನನಗೆ ಬಾಯಿಪಾಠ: ಹಳ್ಳವೆಂದರೆ ಅದರ ಮೂಲವಾದ ತಲಪರಿಗೆಯೂ ಸೇರಿ.

ನಸ್ರೀನ್ ಮೇಡಂಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಬ್ಲೀಚಿಂಗ್ ಪೌಡರನ್ನೂ, ನನ್ನ ಸೋಮಾರಿತನವನ್ನೂ ಬಿಡದೆ ಹೇಳಿದೆ. ಮೇಡಂ ಇಬ್ಬರು ಅಧಿಕಾರಿಗಳ ಜೊತೆ ಎರಡು ಗಂಟೆಗೆ ಬಂದರು. ಗುಂಡಿಯ ಸುತ್ತ ಒಂದು ಸುತ್ತು ಹಾಕಿದರು.

"ಇದು ಹಳ್ಳದ ಮೂಲ ಅನ್ನೋಕೆ ಏನು ಆಧಾರ? ಇಲ್ಲಿನ ನೀರು ಅಲ್ಲಿಗೆ ಹೋಗುತ್ತೆ ಅಂತ ತೋರಿಸ್ಬೇಕು. ಬಣ್ಣ ಬಿಟ್ಟು ನೋಡಬಹುದು. ಆದರೆ ಬಣ್ಣದ ಪುಡಿ ತರಿಸೋಕೆ ಮೂರು ದಿನ ಬೇಕು. ಎಣಿಕೆ ಇವತ್ತು ಸಂಜೆ ಆರಕ್ಕೆ ಮುಗಿಯುತ್ತೆ," ಎಂದರು. ಅವರ ದನಿಯಲ್ಲಿ ಗಟ್ಟಿತನವಿತ್ತು, ಕೆಡುಕಿರಲಿಲ್ಲ.

ಅಷ್ಟರಲ್ಲಿ ಬೀದಿಯವರೆಲ್ಲ ಗೋಡೆಯ ಬಳಿ ಸೇರಿದ್ದರು. ಮಾವ ಅವರ ಹಿಂದೆ ಒಬ್ಬರೇ ನಿಂತಿದ್ದರು.

"ಬಣ್ಣ ಯಾಕ್ರವ್ವ? ಅರಿಶ್ನ ಬಿಟ್ರಾಯ್ತಪ್ಪ," ಎಂದಳು ನರಸಕ್ಕ. "ನಮ್ಮವ್ವ ವರ್ಸವರ್ಸ ಗಂಗಮ್ಮನ ಪೂಜೆ ಮಾಡಿ ತಲಪರ್ಗೆಗೆ ಬೊಗಸೆ ಅರಿಶ್ನ ಬಿಡೋಳು. ನಾವು ಐಕ್ಳು ಓಡೋಗಿ ಹಳ್ದಾಗೆ ನಿಂತ್ಕಳದು. ಅರಿಶ್ನ ಬಂತು ಅಂದ್ರೆ ಗಂಗಮ್ಮ ಹಳ್ಳಕ್ಕೆ ಇಳುದ್ಲು ಅಂತ."

ನಸ್ರೀನ್ ಮೇಡಂ ಅವಳ ಕಡೆ ತಿರುಗಿದರು. ನೀರಿನ ಜಾಡು ಹಿಡಿಯುವ ಪರೀಕ್ಷೆಯನ್ನು ಅವರು ದೊಡ್ಡ ಕಾಲೇಜಿನಲ್ಲಿ ಕಲಿತವರು. "ಇದೇ ಅಲ್ವಾ ನಾವೂ ಮಾಡೋದು," ಎಂದು ನಕ್ಕರು. "ತನ್ನಿ ಅರಿಶಿನ."

ಹತ್ತು ಮನೆಗಳಿಂದ ಅರಿಶಿನದ ಡಬ್ಬಿಗಳು ಓಡೋಡಿ ಬಂದವು. ನರಸಕ್ಕ ಚೀಲ ಪಕ್ಕಕ್ಕೆ ಸರಿಸಿ, ಕೈ ಮುಗಿದು, ಒಂದೇ ಬೊಗಸೆ ಬಿಟ್ಟಳು. ಅಷ್ಟು ಸಾಕು, ಮರಿಗಳಿಗೆ ಕಣ್ಣುರಿ ಬರ್ತದೆ ಎಂದು ಉಳಿದ ಡಬ್ಬಿಗಳನ್ನು ವಾಪಸು ಕಳಿಸಿದಳು. ನಾವೆಲ್ಲ ಗೋಡೆಯ ಈಚೆ ಬಂದು ಹಳ್ಳದಲ್ಲಿ ನಿಂತೆವು. ತೂತಿನಿಂದ ನೀರು ಜಿನುಗುತ್ತಿತ್ತು, ತಿಳಿಯಾಗಿಯೇ. ಐದು ನಿಮಿಷವಾಯಿತು. ಹತ್ತಾಯಿತು. ಅಧಿಕಾರಿಯೊಬ್ಬರು ಗಡಿಯಾರ ನೋಡಿಕೊಂಡರು. ಹದಿನೇಳನೇ ನಿಮಿಷಕ್ಕೆ ಮೊದಲು ಕಂಡದ್ದು ಮಾವನಿಗೆ. ಕಿವಿ ಹೋದವರ ಕಣ್ಣು ಚುರುಕು. "ಬಂತು!" ಎಂದು ಕೂಗಿದರು. ತೂತಿನ ಬಾಯಲ್ಲಿ ಒಂದು ಹಳದಿ ಎಳೆ ಕಾಣಿಸಿತು, ಅಗಲವಾಯಿತು, ಬ್ಲೀಚಿಂಗ್ ಪೌಡರಿನ ಬಿಳಿ ಗೆರೆಯನ್ನು ದಾಟಿಕೊಂಡು ಹಳ್ಳಕ್ಕೆ ಇಳಿಯಿತು.

ಜನ ಶಿಳ್ಳೆ ಹೊಡೆದರು. ನಾನು ಅತ್ತುಬಿಟ್ಟೆ. ನಾವು ಮುಚ್ಚಿಸಲು ಹೊರಟಿದ್ದ ಆ ತೂತು ನಮ್ಮ ಹಳ್ಳದ ತಾಯಿಬೇರು. ನಾವು ಆರು ವರ್ಷ ಹಳ್ಳವನ್ನು ತೊಳೆದೆವು, ಸರಿ. ತೊಳೆಯಲು ನೀರು ಕೊಟ್ಟವಳು ಗೋಡೆಯಾಚೆ ಸೊಪ್ಪು ಕೀಳುತ್ತಿದ್ದಳು. ಈ ಪುಡಿಯ ವಿಷವನ್ನು ತೊಳೆದು ಉಳಿದ ಜೀವಗಳನ್ನು ಮತ್ತೆ ಕರೆತರಬೇಕಾದದ್ದೂ ಅದೇ ನೀರು.

ಸಂಜೆ ಆರಕ್ಕೆ ನಸ್ರೀನ್ ಮೇಡಂ ಅಲ್ಲೇ ನಿಂತು ಐದನೇ ಕಲ್ಲಿನ ಹನ್ನೊಂದು ದನಿಗಳನ್ನು ನಲವತ್ತೆಂಟನೇ ದಿನಕ್ಕೆ ಸೇರಿಸಿ ಬರೆದರು. ನಮ್ಮ ಕಡತದಲ್ಲಿ ಅಷ್ಟು ದಿನವೂ ‘ಕಪ್ಪುಮೋರಿ’ ಎಂದೇ ಇತ್ತು. ಅದನ್ನು ಅಳಿಸಿ ‘ಕಪ್ಪೆಹಳ್ಳ’ ಎಂದು ತಿದ್ದಿದರು. ಕಲ್ಲನ್ನು ಅದರ ಜಾಗಕ್ಕೆ ಮರಳಿಸಬೇಕಲ್ಲ ಎಂದು ಒಬ್ಬ ಅಧಿಕಾರಿ ಕೇಳಿದ್ದಕ್ಕೆ, "ಅದು ಅದರ ಜಾಗದಲ್ಲೇ ಇದೆ," ಎಂದರು.

ಎಲ್ಲರೂ ಹೋದ ಮೇಲೆ ಮಾವ ಚಪ್ಪಲಿಯನ್ನು ಗೋಡೆಯ ಈಚೆಗೇ ಬಿಟ್ಟು ತಲಪರಿಗೆಯ ಹತ್ತಿರ ಹೋದರು. ಜೇಬಿನಲ್ಲಿ ದೂರಿನ ನಕಲು ಪ್ರತಿಯಿತ್ತು. ಅದನ್ನು ನಾಲ್ಕು ತುಂಡು ಮಾಡಿದರು. ತುಂಡುಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಮತ್ತೆ ಜೇಬಿಗೇ ಇಟ್ಟುಕೊಂಡರು.

"ನರಸಮ್ಮ, ತಪ್ಪಾಯ್ತು," ಎಂದರು.

"ಆಯ್ತು ಬುಡಿ ಸಾಮಿ. ಆರ್ ವರ್ಸದಿಂದ ನೋಡ್ತಿವ್ನಿ, ಕೊಚ್ಚೆಗಿಳ್ದು ಬಗ್ಗಿ ಬಗ್ಗಿ ಎತ್ತಿದೀರಿ. ನಾನು ಬರನಾ ಅನ್ಕಂತಿದ್ದೆ. ಯಾರೂ ಕರೀಲಿಲ್ಲ."

ಬೀದಿಯ ಎಲ್ಲ ಬಾಗಿಲುಗಳನ್ನೂ ತಟ್ಟಿದ್ದ ಮಾವ, ಗೋಡೆಯಾಚೆಯ ಗುಡಿಸಲಿನ ಬಿದಿರು ತಟ್ಟಿಯನ್ನು ಮಾತ್ರ ತಟ್ಟಿರಲಿಲ್ಲ.

ಮೋಡ ಕವಿದಿತ್ತು. ಸಣ್ಣಗೆ ಹನಿ ಶುರುವಾಯಿತು. ಗುಂಡಿಯ ಅಂಚಿನಲ್ಲಿ ಮೊದಲ ಕಪ್ಪೆ ಕೂಗಿತು, ಅದರ ಹಿಂದೆಯೇ ಇನ್ನೊಂದು. ಮಾವ ಎಂದಿನಂತೆ ನನ್ನ ಮುಖ ನೋಡಿದರು. ಈ ಸಲ ನಾನು ತಲೆಯಾಡಿಸಲಿಲ್ಲ. ಅವರ ಕಿವಿಯ ಮಿಷನ್ನನ್ನು ನನ್ನ ಫೋನಿಗೆ ಜೋಡಿಸಿ, ಮಾತಲ್ಲದ್ದನ್ನು ಅಡಗಿಸುವ ಸ್ವಿಚ್ಚನ್ನು ಆಫ್ ಮಾಡಿ, ಐದನೇ ಕಲ್ಲಿನ ಸದ್ದನ್ನು ನೇರ ಅವರ ಕಿವಿಗೇ ಬಿಟ್ಟೆ. ಇಷ್ಟು ಸುಲಭದ ಕೆಲಸ ನಾಲ್ಕು ವರ್ಷ ನನಗೆ ಹೊಳೆದಿರಲಿಲ್ಲ.

ಮಾವನ ಹುಬ್ಬು ಮೇಲೇರಿತು. ಬಾಯಿ ತೆರೆಯಿತು. ಎರಡೂ ಕೈಗಳಿಂದ ಕಿವಿಯನ್ನು ಒತ್ತಿ ಹಿಡಿದು, ಪಂಚೆ ಒದ್ದೆಯಾಗುವುದನ್ನೂ ಲೆಕ್ಕಿಸದೆ ಗುಂಡಿಯ ಅಂಚಿನಲ್ಲಿ ಕೂತರು. ಕಣ್ಣಿನ ನೀರು ಗಡ್ಡದವರೆಗೆ ಇಳಿದಿತ್ತು.

"ಬೈತಾ ಇದಾವೆ ಕಣಮ್ಮ, ನನ್ನ."

ನರಸಕ್ಕ ಸೊಪ್ಪಿನ ಚೀಲವನ್ನು ಮತ್ತೆ ನೀರಿಗಿಳಿಸಿ, ಮೇಲೆ ಕಲ್ಲಿಟ್ಟು ಕೈ ಒರೆಸಿಕೊಂಡಳು.

"ಬೈಲಿ ಬುಡಿ ಸಾಮಿ," ಎಂದಳು. "ಬೈಯಕ್ಕಾದ್ರೂ ಉಳ್ಕಂಡಾವಲ್ಲ."